ಸಪ್ಪಳ ಮಾಡದೆ ಒಳಹೋದ ಕರುಳು

ಆ ಮನುಷ್ಯನನ್ನು ಬೆಳಿಗ್ಗೆ ಒಂಬತ್ತರ ಸುಮಾರಿಗೆ ದೋಣಿಯಲ್ಲಿ ಹೊಳೆ ದಾಟಿಸಿ ತಂದರು. ಶರಾವತಿಗೆ ಆಗಿನ್ನೂ ಸೇತುವೆ ಆಗಿರಲಿಲ್ಲ. ಆಚೆ ದಡದ ರೋಗಿಗಳು ಹೊನ್ನಾವರದ ನಮ್ಮ ಹನ್ನೆರಡು ಹಾಸಿಗೆಯ ಆಸ್ಪತ್ರೆ ಸೇರಬೇಕಾದರೆ ಮೊದಲು ದೋಣಿಯಲ್ಲಿ ಕುಲುಕಿ, ಆಮೇಲೆ ದೋಣಿ ನಿಲ್ಲುವ ದಕ್ಕೆಯಿಂದ ಯಾರದಾದರೂ ಹೆಗಲ ಮೇಲೆ ಬರಬೇಕು. ಇವನನ್ನು ನಾಲ್ವರು ಬಿದಿರಿನ ಗಳಕ್ಕೆ ಕಟ್ಟಿದ ಕಂಬಳಿಯಲ್ಲಿ ಹೊತ್ತು ತಂದಿದ್ದರು. ಮೂವತ್ತೈದರ ಗಟ್ಟಿ ಆಳು, ರಂಪಣಿ ಬಲೆ ಎಳೆಯುವವ. ಸಮುದ್ರದಲ್ಲಿ ಸುತ್ತುಹಾಕಿ ಬಿಟ್ಟ ದೊಡ್ಡ ಬಲೆಯನ್ನು ದಡದಲ್ಲಿ ಎರಡು ಸಾಲು ಜನ ನಿಂತು ಹಗ್ಗ ಹಿಡಿದು ಎಳೆಯುವ ಕೆಲಸ ಅದು. ಬಂಗಡೆ ಮೀನು ಸಿಗುವ ದಿನಗಳಾದ್ದರಿಂದ ಅವರಿಗೆಲ್ಲ ಬಿಡುವಿರಲಿಲ್ಲ.

ಜೊತೆಗೆ ಅವನ ಹೆಂಡತಿ ಬಂದಿದ್ದಳು. ಬಲೆಯ ತಂಡದ ಮುಖ್ಯಸ್ಥ, ಎಲ್ಲರೂ ತಾಂಡೇಲ ಎಂದು ಕರೆಯುವ ಅರವತ್ತು ದಾಟಿದ ಮುದುಕನೂ ಬಂದಿದ್ದ. ಆದರೆ ಅವನು ಒಳಗೆ ಕಾಲಿಡಲಿಲ್ಲ, ಬಾಗಿಲ ಹೊರಗೇ ನಿಂತ.

“ಎಂತ ಆತು?” ಎಂದು ಕೇಳಿದೆ.

“ಬೆಳಿಗ್ಗೆಂದ ಹೊಟ್ಟೆನೋವು ಡಾಕ್ಟ್ರೇ. ಮೂರು ಸಲ ವಾಂತಿ ಆತು” ಎಂದಳು ಹೆಂಡತಿ.

ನಾಡಿ ತೊಂಬತ್ತು. ನಾಲಿಗೆ ಒಣಗಿತ್ತು. ಹೊಟ್ಟೆ ತುಸು ಉಬ್ಬಿದ್ದರೂ ಮೆತ್ತಗಿತ್ತು. ಬಲೆ ಎಳೆಯುವವರ ಹೊಟ್ಟೆನೋವು ಎಂದರೆ ನಾನು ಮೊದಲು ನೋಡುತ್ತಿದ್ದುದು ತೊಡೆಸಂದು. ಅಲ್ಲಿಯ ಸ್ನಾಯು ಸಡಿಲಾದರೆ ಕರುಳಿನ ಒಂದು ಸುತ್ತು ಹೊರಗಿಳಿದು ಚರ್ಮದಡಿ ಗಂಟಾಗಿ ಕಾಣುತ್ತದೆ. ಅದೇ ಹರ್ನಿಯಾ. ಸಾಮಾನ್ಯವಾಗಿ ಮಲಗಿದರೆ ತಾನೇ ಒಳಗೆ ಹೋಗುತ್ತದೆ. ಒಮ್ಮೊಮ್ಮೆ ಬಂದ ದಾರಿಯಲ್ಲೇ ಸಿಕ್ಕಿಕೊಂಡು, ರಕ್ತದ ಓಡಾಟ ನಿಂತು, ಕರುಳು ಸಾಯತೊಡಗುತ್ತದೆ. ಎರಡೂ ಬದಿ ಒತ್ತಿ ನೋಡಿದೆ, ಕೆಮ್ಮಿಸಿ ನೋಡಿದೆ. ಗಂಟಿರಲಿಲ್ಲ.

“ಇಲ್ಲಿ ಗಂಟು ಬರೂದುಂಟಾ?”

ರೋಗಿ ನನ್ನ ಮುಖ ನೋಡಲಿಲ್ಲ. ಬಾಗಿಲ ಕಡೆ ನೋಡಿ, “ಇಲ್ಲ” ಎಂದ.

ಆ ನೋಟವನ್ನು ನಾನು ಕಂಡಿದ್ದೆ. ಅದಕ್ಕೆ ಅರ್ಥವಿರಬಹುದೆಂದು ಮಾತ್ರ ಹೊಳೆಯಲಿಲ್ಲ. ಕೇಸ್ ಪೇಪರಿನ ಮೇಲೆ ‘ಹರ್ನಿಯಾ ಇಲ್ಲ’ ಎಂದು ಬರೆದು, ಅದರಡಿ ಗೆರೆಯನ್ನೂ ಎಳೆದೆ. ತಿಂದದ್ದು ಏನೋ ಕೆಟ್ಟಿರಬೇಕೆಂದು ಹೊಟ್ಟೆಯ ಸೆಳೆತಕ್ಕೆ ಔಷಧ ಕೊಟ್ಟು, ಹಾಸಿಗೆಯಲ್ಲಿ ಮಲಗಿಸಲು ಸಿಸ್ಟರ್‌ಗೆ ಹೇಳಿ ಹೊರರೋಗಿಗಳ ಸಾಲಿಗೆ ಹೋದೆ. ಆ ಸಾಲು ಮುಗಿಯುವಾಗ ಒಂದೂವರೆ ಆಗಿತ್ತು.

ಊಟಕ್ಕೆ ಹೊರಟ ನನ್ನನ್ನು ಸಿಸ್ಟರ್ ತಡೆದರು. “ಡಾಕ್ಟ್ರೇ, ಆ ಬಲೆಯವನನ್ನು ಒಮ್ಮೆ ನೋಡಿ ಹೋಗಿ. ನಂಗೆ ಸರಿ ಕಾಣುದಿಲ್ಲ.” ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಹೆಂಗಸು ಸುಮ್ಮನೆ ಹಾಗೆ ಹೇಳುವವರಲ್ಲ.

ನಾಡಿ ನೂರಿಪ್ಪತ್ತಕ್ಕೆ ಏರಿತ್ತು. ಬೆಳಿಗ್ಗೆ ಹಸಿರಾಗಿದ್ದ ವಾಂತಿ ಈಗ ಕಂದುಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಬದಿಯಿಂದ ನೋಡಿದರೆ ಚರ್ಮದಡಿ ಕರುಳಿನ ಅಲೆ ಏಳುವುದು, ಒಂದು ಕಡೆ ಬಂದು ನಿಲ್ಲುವುದು ಕಾಣುತ್ತಿತ್ತು. ಗಾಳಿ ಕೂಡ ಕೆಳಗೆ ಹೋಗಿಲ್ಲವೆಂದು ಹೆಂಡತಿ ಹೇಳಿದಳು. ಕರುಳು ಎಲ್ಲೋ ಕಟ್ಟಿಕೊಂಡಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಎಲ್ಲಿ? ಹಳೆಯ ಗಾಯದ ಗುರುತಿಲ್ಲ, ಗಂಟಿಲ್ಲ. ಎಲ್ಲೆಂದು ಗೊತ್ತಿಲ್ಲದೆ ಇಡೀ ಹೊಟ್ಟೆಯನ್ನು ಸೀಳಿ ಹುಡುಕುವ ಆಪರೇಶನ್ನನ್ನು ನಮ್ಮ ಆಸ್ಪತ್ರೆಯಲ್ಲಿ, ಕಂಪೌಂಡರ್ ಕೊಡುವ ಈಥರ್ ಅಮಲನ್ನು ನಂಬಿಕೊಂಡು ಮಾಡುವುದೆಂದರೆ ಆ ಮನುಷ್ಯ ಮೇಜಿನ ಮೇಲೇ ಹೋಗಬಹುದಿತ್ತು. ಕಾರವಾರಕ್ಕೆ ಕಳಿಸೋಣವೆಂದರೆ, ಜೀಪು ಸಿಕ್ಕಿದರೂ ದಾರಿಯ ಕುಲುಕಾಟವನ್ನು ಅವನು ತಡೆಯುವಂತಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು.

ಹೊರಗೆ ಬಂದೆ. ತಾಂಡೇಲ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಆಗ ನೆನಪಾಯಿತು.

ಅದಕ್ಕೆ ಒಂದು ತಿಂಗಳ ಹಿಂದೆ ಇದೇ ಮುದುಕ ಇನ್ನೊಬ್ಬ ಬಲೆಯವನನ್ನು ಕರೆತಂದಿದ್ದ. ಅವನ ತೊಡೆಸಂದಿನ ಗಂಟನ್ನು ಇವನೇ ಎಣ್ಣೆ ಹಚ್ಚಿ ಒತ್ತಿ ಒಳಗೆ ಕಳಿಸಿದ್ದನಂತೆ. ಇನ್ನೂ ನೋವಿದೆಯೆಂದು ತೋರಿಸಲು ಬಂದಿದ್ದರು. ಹೊರರೋಗಿಗಳೆಲ್ಲ ಕೂತಿರುವಾಗ ನಾನು ಮುದುಕನನ್ನು ನಿಲ್ಲಿಸಿ ಬೈದಿದ್ದೆ. “ನೀನು ಡಾಕ್ಟ್ರಾ? ಇನ್ನೊಮ್ಮೆ ಯಾರ ಮೈಯನ್ನಾದ್ರೂ ಮುಟ್ಟಿದ್ರೆ ಪೊಲೀಸರಿಗೆ ಹಿಡಿದುಕೊಡ್ತೇನೆ” ಎಂದಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಮನೆಯವರು ಹೇಳುತ್ತಿದ್ದುದು ಸುಳ್ಳಲ್ಲ. ಐವತ್ತು ಅರವತ್ತು ಜನರನ್ನು ಬಲೆಯ ಮೇಲೆ ಆಳುವ ಮನುಷ್ಯ ಅಂದು ತಲೆ ತಗ್ಗಿಸಿ ನಿಂತಿದ್ದ. ಎಲ್ಲರ ಎದುರು ಬುದ್ಧಿ ಕಲಿಸಿದೆನೆಂದು ನನಗೆ ಸಮಾಧಾನವಾಗಿತ್ತು. ಅವರು ಕಲಿತದ್ದು ಡಾಕ್ಟರಿಗೆ ಹೇಳಬಾರದು ಎಂಬುದೊಂದನ್ನೇ.

ಹೋಗಿ ಮೆಟ್ಟಿಲ ಮೇಲೆ ಕೂತೆ. “ಕೂತ್ಕೊ” ಎಂದೆ. ಅವನು ಕೂರಲಿಲ್ಲ.

“ಗಂಟು ಇತ್ತಲ್ಲವಾ?”

ಅವನು ಬಾಗಿಲ ಕಡೆ ನೋಡಿದ. ಹಿಂದಿನಿಂದ ಹೆಂಡತಿಯ ಸ್ವರ ಬಂತು. “ಹೇಳಿ ಅಜ್ಜಾ. ಪೊಲೀಸರಿಗೆ ಕೊಟ್ರೆ ಕೊಡ್ಲಿ. ಇವ್ರು ಸತ್ರೆ ನಾ ಎಂತ ಮಾಡೂದು?”

“ಇತ್ತು” ಎಂದ ತಾಂಡೇಲ. “ಆರು ವರ್ಸಂದ ಅದೆ ಅವ್ನಿಗೆ. ಬೆಳಿಗ್ಗೆ ಬಲೆ ಎಳೂವಾಗ ಹೊರಗೆ ಬಂದದ್ದು ಒಳಗೇ ಹೋಗ್ಲಿಲ್ಲ. ಕಲ್ಲಿನ ಹಾಂಗೆ ಆಗಿತ್ತು. ನಾನೇ ಒತ್ತಿದೆ.”

“ಹ್ಯಾಗೆ ಒತ್ತಿದೆ? ತೋರಿಸು.”

ಅವನು ಅನುಮಾನದಿಂದ ನನ್ನ ಮುಖ ನೋಡಿದ. ಆಮೇಲೆ ಹೇಳತೊಡಗಿದ. ಕವುಚಿಹಾಕಿದ ದೋಣಿಯ ಮೇಲೆ ತಲೆ ಕೆಳಗಾಗುವ ಹಾಗೆ ಮಲಗಿಸಿ, ಇಬ್ಬರು ಕಾಲು ಮಡಚಿ ಹಿಡಿದು, ತೆಂಗಿನೆಣ್ಣೆ ಹಚ್ಚಿ, ಬೆರಳುಗಳನ್ನು ಹೀಗೆ ಕೂಡಿಸಿ. ಆ ದೊಡ್ಡ ಒರಟು ಬೆರಳುಗಳು ಗಾಳಿಯಲ್ಲಿ ಎಷ್ಟು ನಾಜೂಕಾಗಿ ಕೂಡಿದವೆಂದರೆ, ನನಗೆ ಮುಂಬೈಯಲ್ಲಿ ಕಲಿಸಿದವರ ಬೆರಳುಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

“ಆದ್ರೆ ಡಾಕ್ಟ್ರೇ, ಒಂದು ಮಾತು. ಯಾವಾಗ್ಲೂ ಒಳಗೆ ಹೋಗೂವಾಗ ಬೆರಳಿಗೆ ಗುಳುಗುಳು ಹೇಳಿ ಗೊತ್ತಾಗ್ತದೆ. ಸ್ವಲ್ಪ ಸ್ವಲ್ಪ ಆಗಿ ಹೋತದೆ. ಈ ಸಲ ಸಪ್ಪಳನೇ ಆಗ್ಲಿಲ್ಲ. ಗುಂಡು ಜಾರ್ದ ಹಾಂಗೆ ಇಡಿ ಗಂಟು ಒಂದೇ ಸಲ ಒಳಗೆ ಹೋತು. ನಂಗೆ ಆವಾಗ್ಲೇ ಮನಸ್ಸಿಗೆ ಸರಿ ಕಾಣ್ಲಿಲ್ಲ.”

ನಾನು ಎದ್ದು ನಿಂತೆ. ಪುಸ್ತಕದಲ್ಲಿ ಎರಡು ಸಾಲು ಓದಿದ್ದೆ, ಕಣ್ಣಿಂದ ಎಂದೂ ಕಂಡಿರಲಿಲ್ಲ. ಕರುಳು ಹೊರಗಿಳಿಯುವಾಗ ಹೊಟ್ಟೆಯ ಒಳಪೊರೆಯ ಒಂದು ಚೀಲವನ್ನೂ ಎಳೆದುಕೊಂಡೇ ಬರುತ್ತದೆ. ಚೀಲದ ಕುತ್ತಿಗೆಯೇ ಉರುಳಾಗಿ ಬಿಗಿದಿರುವಾಗ ಹೊರಗಿನಿಂದ ಒತ್ತಿದರೆ, ಒಮ್ಮೊಮ್ಮೆ ಕರುಳು, ಚೀಲ, ಉರುಳು ಮೂರೂ ಕೂಡಿ ಇಡಿಯಾಗಿ ಹೊಟ್ಟೆಯ ಗೋಡೆಯ ಹಿಂದಕ್ಕೆ ಜಾರುತ್ತವೆ. ಹೊರಗೆ ಗಂಟು ಮಾಯ. ಒಳಗೆ ಉರುಳು ಹಾಗೇ ಇರುತ್ತದೆ. ಇಡೀ ಹೊಟ್ಟೆ ಹುಡುಕಬೇಕಾದ ಕೆಲಸ ಈಗ ಮೂರು ಬೆರಳಗಲದ ಜಾಗಕ್ಕೆ ಇಳಿದಿತ್ತು. ಹೊರಗೆ ನಿಲ್ಲಿಸಿದ್ದ ಮುದುಕನ ಬೆರಳು ಆ ಜಾಗವನ್ನು ತೋರಿಸಿಕೊಟ್ಟಿತ್ತು. ಬೆಳಿಗ್ಗೆ ಒಂಬತ್ತಕ್ಕೇ ತಿಳಿಯಬಹುದಾಗಿದ್ದ ಸಂಗತಿ ಅದು. ಈಗ ಎರಡು ಗಂಟೆ.

ತಯಾರಿಗೆ ಒಂದೂಮುಕ್ಕಾಲು ತಾಸು ಹಿಡಿಯಿತು. ಒಂದೊಂದು ನಿಮಿಷವೂ ಭಾರವಾಗುತ್ತಿತ್ತು. ಮೂಗಿನಿಂದ ಹೊಟ್ಟೆಗೆ ರಬ್ಬರ್ ನಳಿಗೆ ಇಳಿಸಿ ಪಿಚಕಾರಿಯಿಂದ ಎಳೆದು ಹೊಟ್ಟೆ ಖಾಲಿ ಮಾಡಿದೆವು. ಇಲ್ಲದಿದ್ದರೆ ಈಥರ್ ಅಮಲಿನಲ್ಲಿ ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುವ ಭಯ. ಕೈಯ ರಕ್ತನಾಳದಲ್ಲಿ ಸಲೈನ್ ಹರಿಯತೊಡಗಿತು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವುದು ನನಗೆ ಅಭ್ಯಾಸವಾದ ದಾರಿ. ಆದರೆ ಇಷ್ಟು ನೀರು ಕಳೆದುಕೊಂಡವನಿಗೆ ಹಾಗೆ ಮಾಡಿದರೆ ರಕ್ತದ ಒತ್ತಡ ಪಾತಾಳಕ್ಕಿಳಿಯುತ್ತದೆ. ಈಥರೇ ಗತಿ. ಈಥರ್‌ಗೆ ಬೆಂಕಿ ತಗಲಬಾರದೆಂದು ಸಾಮಾನು ಕುದಿಸಿದ ಸ್ಟವ್ ಆರಿಸಿ, ಕೋಣೆಯಿಂದ ಹೊರಗಿಟ್ಟು, ಪಶ್ಚಿಮದ ಕಿಟಕಿಯ ಬೆಳಕಿಗೆ ಮೇಜು ತಿರುಗಿಸಿದೆವು. ಕಂಪೌಂಡರ್ ಮುಖವಾಡದ ಬಟ್ಟೆಯ ಮೇಲೆ ಹನಿ ಹನಿಯಾಗಿ ಈಥರ್ ಬಿಡತೊಡಗಿದರು. ಕುಮಟೆಯ ಸೀದಾ ಸಾದಾ ಮನುಷ್ಯ. ಹನಿ ಎಣಿಸುವಾಗ ಅವರ ತುಟಿ ಅಲುಗುತ್ತಿತ್ತು.

ತೊಡೆಸಂದಿನ ಮೇಲೆ ಕೊಯ್ದು, ಪದರ ಪದರ ಬಿಡಿಸಿ ಒಳಗೆ ಹೋದೆ. ಚೀಲ ಇರಬೇಕಾದ ದಾರಿ ಬರಿದಾಗಿತ್ತು. ಬೆರಳನ್ನು ಗೋಡೆಯ ಹಿಂದಕ್ಕೆ ತೂರಿಸಿದೆ. ಒಂದು ಬಿಗಿಯಾದ, ಬೆಚ್ಚಗಿನ ಉಂಡೆ ಬೆರಳ ತುದಿಗೆ ತಾಗಿತು. ಅದನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ಬೆಳಕಿಗೆ ತಂದು ಚೀಲಕ್ಕೆ ಸಣ್ಣ ತೂತು ಮಾಡಿದೆ. ಕಪ್ಪುಗೆಂಪು ನೀರು ಬಂತು. ಜೊತೆಗೆ ವಾಸನೆ. ಮಂದವಾದ, ಆದರೆ ಎಂದೂ ತಪ್ಪು ತಿಳಿಯಲಾಗದ ಮಲದ ವಾಸನೆ. ಸಿಸ್ಟರ್ ನನ್ನ ಮುಖ ನೋಡಿದರು.

“ತೂತು ಬಿದ್ದಿದೆಯಾ ಡಾಕ್ಟ್ರೇ?”

ಒಳಗೊಂದು ಗೇಣುದ್ದದ ಕರುಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಸುತ್ತಲೂ ತಿರುಗಿಸಿ ನೋಡಿದೆ. ಒಂದು ತೂತೂ ಇರಲಿಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ಅರ್ಧ ತಾಸು ನಾನು ಹೆದರಿದ್ದು ಇದಕ್ಕೇ. ಕರುಳಿನ ಒಳಮೈ ಬರೇ ಒಂದು ಸಾಲು ಜೀವಕೋಶಗಳ ಗೋಡೆ. ಅವು ಒಂದರ ಪಕ್ಕ ಒಂದು ಅಂಚಿಗೆ ಅಂಚು ಬಿಗಿದು ಕೂತಿರುತ್ತವೆ. ಉಂಡ ಅನ್ನದ ಸಕ್ಕರೆ, ಉಪ್ಪು, ನೀರು ಎಲ್ಲ ಆ ಗೋಡೆಯನ್ನು ದಾಟಿಯೇ ರಕ್ತ ಸೇರಬೇಕು. ಅದೇ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ರೋಗಾಣುಗಳಿವೆ, ಅವುಗಳ ವಿಷವಿದೆ. ಅವು ದಾಟಬಾರದು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಈ ವಿವೇಕ ಗೋಡೆಗೆ ಇರುವುದು ಅದಕ್ಕೆ ರಕ್ತ ಸಿಗುವ ತನಕ. ಉರುಳು ಬಿಗಿದು ರಕ್ತ ನಿಂತರೆ ಗೋಡೆ ಮೊದಲು ಊದುತ್ತದೆ, ನೀರು ಒಸರುತ್ತದೆ. ಆಮೇಲೆ ಕೋಶಗಳ ನಡುವಿನ ಬಿಗಿ ಸಡಿಲಾಗಿ ವಿಷವೂ ರೋಗಾಣುಗಳೂ ಹೊರಗೆ ಬರುತ್ತವೆ. ಹರಿಯಬೇಕೆಂದಿಲ್ಲ, ತೂತಾಗಬೇಕೆಂದಿಲ್ಲ. ಕಣ್ಣಿಗೆ ಇಡಿಯಾಗಿ ಕಾಣುವ ಕರುಳೇ ಮನುಷ್ಯನನ್ನು ಕೊಲ್ಲಬಲ್ಲದು.

ಹಾಗಾಗಿ ಉರುಳನ್ನು ತಟ್ಟನೆ ಕತ್ತರಿಸುವಂತಿರಲಿಲ್ಲ. ಕತ್ತರಿಸಿದರೆ ಚೀಲದಲ್ಲಿ ನಿಂತ ಕೊಳೆನೀರು ಹೊಟ್ಟೆಗಿಳಿಯುತ್ತದೆ, ಕರುಳೂ ಕೈತಪ್ಪಿ ಒಳಗೆ ಜಾರುತ್ತದೆ. ಮೊದಲು ಬಟ್ಟೆಯುಂಡೆಗಳಿಂದ ನೀರನ್ನೆಲ್ಲ ಒರೆಸಿ ತೆಗೆದೆ. ಸಿಸ್ಟರ್ ಕರುಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದರು. ಆಮೇಲೆ ಉರುಳನ್ನು ಸೀಳಿದೆ.

ಎರಡು ನಿಮಿಷವೂ ಆಗಿರಲಿಲ್ಲ. “ನಾಡಿ ಸಿಗುದಿಲ್ಲ” ಎಂದರು ಕಂಪೌಂಡರ್. ಕಟ್ಟಿಕೊಂಡಿದ್ದ ವಿಷ ರಕ್ತದ ಜೊತೆ ಮೈಗೆ ಹರಿದಿತ್ತು. “ಮುಖವಾಡ ತೆಗೀರಿ. ಸಲೈನ್ ಪೂರ್ತಿ ಬಿಡಿ. ತಲೆ ತಗ್ಗಿಸಿ” ಎಂದೆ. ನನ್ನ ಸ್ವರ ನನಗೇ ಬೇರೆಯವರದೆಂಬ ಹಾಗೆ ಕೇಳಿಸಿತು. ಕಂಪೌಂಡರ್ ಕುತ್ತಿಗೆಯ ನಾಡಿಗೆ ಬೆರಳಿಟ್ಟು ಕೂತರು. ಸ್ವಲ್ಪ ಹೊತ್ತಿನ ಮೇಲೆ, “ಉಂಟು. ಸಣ್ಣಕೆ ಉಂಟು” ಎಂದರು.

ಈಗ ತೀರ್ಮಾನ ನನ್ನದು. ಕರುಳು ಸತ್ತಿದ್ದರೆ ಆ ಗೇಣುದ್ದವನ್ನು ಕತ್ತರಿಸಿ ತೆಗೆದು ಎರಡು ತುದಿ ಜೋಡಿಸಬೇಕು. ಇನ್ನೂ ಮುಕ್ಕಾಲು ತಾಸಿನ ಈಥರ್. ಈ ನಾಡಿ ಅದನ್ನು ತಡೆಯುವುದಿಲ್ಲ. ಬದುಕಿದೆಯೆಂದು ನಂಬಿ ಒಳಗೆ ಬಿಟ್ಟು, ಆಮೇಲೆ ಅದು ಸತ್ತರೆ ಮೂರು ದಿನದಲ್ಲಿ ಅವನ ಹೆಣ ದೋಣಿಯಲ್ಲಿ ವಾಪಸು ಹೋಗುತ್ತದೆ. ಸಂಶಯ ಬಂದಲ್ಲಿ ಕತ್ತರಿಸಿ ತೆಗೆಯಬೇಕೆಂದೇ ನನಗೆ ಕಲಿಸಿದ್ದರು. ಕಲಿಸಿದವರ ಬಳಿ ಆಕ್ಸಿಜನ್ ಇತ್ತು, ಬಾಟಲಿ ರಕ್ತವಿತ್ತು, ಎದುರಿಗೆ ಇನ್ನೊಬ್ಬ ಸರ್ಜನ್ ಇರುತ್ತಿದ್ದ.

ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆಗಳಿಂದ ಕರುಳನ್ನು ಸುತ್ತಿ, “ಐದು ನಿಮಿಷ” ಎಂದೆ. ಸಿಸ್ಟರ್ ಗೋಡೆಯ ಗಡಿಯಾರ ನೋಡಿದರು. ಕಿಟಕಿಯ ಬಿಸಿಲು ಮೇಜಿನಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು. ಬಟ್ಟೆ ಬಿಚ್ಚಿದೆ. ನೇರಳೆ ಬಣ್ಣ ತುಸು ತಿಳಿಯಾಗಿತ್ತು, ಆದರೆ ಹೊಳಪಿರಲಿಲ್ಲ. ಚಿವುಟಿದರೆ ಅಲುಗಲಿಲ್ಲ. ಉರುಳು ಕೂತಿದ್ದ ಜಾಗದಲ್ಲಿ ದಾರದಷ್ಟು ದಪ್ಪದ ಬೂದು ಗೆರೆ.

“ಇನ್ನೈದು ನಿಮಿಷ” ಎಂದೆ. ಕಾಯುವುದು ನನಗೆ ಎಂದೂ ಒಗ್ಗಿದ ಕೆಲಸವಲ್ಲ. ಬೆಳಿಗ್ಗೆ ಬರೆದ ‘ಹರ್ನಿಯಾ ಇಲ್ಲ’ ಎಂಬ ಅಕ್ಷರಗಳೇ ಕಣ್ಣೆದುರು ನಿಂತವು. ಇವನು ಸತ್ತರೆ ಕೊಂದದ್ದು ಮುದುಕನ ಬೆರಳಲ್ಲ, ನನ್ನ ಬಾಯಿ ಎಂದು ಖಚಿತವಾಗಿ ಅನಿಸಿತು.

ಎರಡನೆಯ ಸಲ ಬಿಚ್ಚಿದಾಗ ಕರುಳು ಮಸುಕು ಗುಲಾಬಿಗೆ ತಿರುಗಿತ್ತು. ಅದಕ್ಕೆ ರಕ್ತ ತರುವ ಸಣ್ಣ ನಾಳ ಬೆರಳಡಿಯಲ್ಲಿ ಮಿಡಿಯುತ್ತಿತ್ತು. ಮೆಲ್ಲಗೆ ಚಿವುಟಿದೆ. ಒಂದು ಅಲೆ ಎದ್ದಿತು, ಸೋಮಾರಿ ಅಲೆ, ನಿಧಾನಕ್ಕೆ ಬಂದು ಬೂದು ಗೆರೆಯ ಬಳಿ ನಿಂತಿತು. ಸಿಸ್ಟರ್ ಬಗ್ಗಿ ನೋಡಿದರು. ಅಲೆ ಗೆರೆಯನ್ನು ದಾಟಿ ಮುಂದೆ ಹೋಯಿತು.

ಕತ್ತರಿಸುವುದಿಲ್ಲವೆಂದು ತೀರ್ಮಾನಿಸಿದೆ. ನಂಬಿಕೆಯಿಲ್ಲದ ಆ ಗೆರೆಯೊಂದನ್ನು ಎರಡೂ ಬದಿಯ ಒಳ್ಳೆಯ ಕರುಳಿನಿಂದ ಮಡಿಚಿ ಮುಚ್ಚಿ, ರೇಷ್ಮೆ ದಾರದ ಹೊಲಿಗೆ ಹಾಕಿದೆ. ಕರುಳನ್ನು ಒಳಗೆ ಬಿಟ್ಟು, ದಾರಿಯನ್ನು ಬಿಗಿದು ಹೊಲಿದು ಹೊರಬಂದಾಗ ಬಟ್ಟೆಯೆಲ್ಲ ಬೆವರಿನಿಂದ ತೊಯ್ದಿತ್ತು.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಅವಳಿಗೆ ಎಲ್ಲ ಹೇಳಿದೆ.

“ತೂತು ಬಿದ್ದಿರ್ಲಿಲ್ಲ ಹೇಳ್ತ್ರಿ. ಹಂಗಾರೆ ಇನ್ನೂ ಎಂತಕ್ಕೆ ಹೆದ್ರೂದು?”

“ತೂತಿಲ್ಲದೆಯೂ ಸೋರ್ತದೆ ತಂಗೀ. ಅದು ಗಟ್ಟಿಯಾಗುವ ತನಕ ಬಾಯಿಗೆ ಒಂದು ಹನಿ ನೀರೂ ಇಲ್ಲ.”

ಅವಳು ಸ್ವಲ್ಪ ಯೋಚಿಸಿ, “ಮಣ್ಣಿನ ಕೊಡ ಬೆವರ್ದ ಹಾಂಗೆ” ಎಂದಳು. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮೊದಲೆರಡು ದಿನ ಹೇಗೋ ಕಳೆಯಿತು. ಆರು ತಾಸಿಗೊಮ್ಮೆ ಪೆನಿಸಿಲಿನ್, ದಿನಕ್ಕೆರಡು ಸ್ಟ್ರೆಪ್ಟೊಮೈಸಿನ್, ಮೂಗಿನ ನಳಿಗೆಯಿಂದ ತಾಸಿಗೊಮ್ಮೆ ಎಳೆತ. ಅವನು ನೀರು ನೀರು ಎಂದು ಗೋಗರೆಯುತ್ತಿದ್ದ. ಹೆಂಡತಿ ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಆ ಬಟ್ಟೆಯನ್ನು ಅವನು ಹೀರದ ಹಾಗೆ ಕೂಡಲೇ ಕಸಿದುಕೊಳ್ಳುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮೂರನೆಯ ದಿನ ಜ್ವರ ಬಂತು. ಹೊಟ್ಟೆ ಮತ್ತೆ ಉಬ್ಬಿತು. ಸ್ಟೆತಸ್ಕೋಪ್ ಇಟ್ಟರೆ ಒಳಗೆ ಏನೂ ಇಲ್ಲ, ನಿಶ್ಶಬ್ದ. ಹೊಲಿಗೆ ಬಿಟ್ಟಿತೇ? ಗೆರೆ ಸತ್ತಿತೇ? ಅಥವಾ ಪೆಟ್ಟು ತಿಂದ ಕರುಳು ಸುಮ್ಮನೆ ದಣಿದು ಮಲಗಿದೆಯೇ? ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಮತ್ತೆ ತೆರೆದು ನೋಡೋಣವೆಂದು ಮಧ್ಯಾಹ್ನ ಸಾಮಾನು ಕುದಿಸಲೂ ಹೇಳಿದೆ. ಸಿಸ್ಟರ್ ಸ್ಟವ್ ಹಚ್ಚಿದರು. ನಾನು ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡಿದೆ. ಉಬ್ಬಿತ್ತು, ಆದರೆ ಮರದ ಹಲಗೆಯಂತೆ ಸೆಟೆದಿರಲಿಲ್ಲ. ನಾಡಿ ನೂರಹತ್ತರ ಮೇಲೆ ಏರಿರಲಿಲ್ಲ. ಒಳಗೆ ಸೋರುತ್ತಿದ್ದರೆ ಇಷ್ಟರಲ್ಲಿ ಏರಬೇಕಿತ್ತು. “ಸ್ಟವ್ ಆರಿಸಿ” ಎಂದೆ. ಅವತ್ತು ಸಂಜೆಯವರೆಗೆ ತಾಸಿಗೊಮ್ಮೆ ಹೋಗಿ ಆ ಹೊಟ್ಟೆಗೆ ಕಿವಿಗೊಟ್ಟೆ. ಹೋಗುವಾಗಲೆಲ್ಲ ಅವನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ, ಸ್ಟೆತಸ್ಕೋಪಿನಲ್ಲಿ, ಎಲ್ಲೋ ದೂರದಲ್ಲಿ ಒಂದು ಗುಳುಕ್. ಮತ್ತೆ ಒಂದು. ಎಂಟು ಗಂಟೆಗೆ ಹೆಂಡತಿ ವರಾಂಡದ ತುದಿಯಿಂದಲೇ ಕೂಗಿದಳು. “ಡಾಕ್ಟ್ರೇ, ಗಾಳಿ ಹೋತು! ಜೋರಾಗೇ ಹೋತು!” ವಾರ್ಡಿನವರೆಲ್ಲ ನಕ್ಕರು. ನಾನು ಕಂಬ ಹಿಡಿದು ನಿಂತೆ. ಕಣ್ಣಲ್ಲಿ ನೀರು ಬಂತು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಮಧ್ಯಾಹ್ನ ಮೊದಲ ಎರಡು ಚಮಚ ನೀರು ಕೊಟ್ಟೆವು. ಅದು ಹೊಟ್ಟೆಯಲ್ಲೇ ನಿಂತಿತು.

ತಾಂಡೇಲ ನಾಲ್ಕು ದಿನವೂ ಬಲೆಯ ಕೆಲಸ ಬಿಟ್ಟು ಮೆಟ್ಟಿಲ ಮೇಲೇ ಇದ್ದ. ಗಾಳಿ ಹೋದ ಆ ಬೆಳಿಗ್ಗೆಯೇ ಹೋಗಿ ಅವನಿಗೆ ಸುದ್ದಿ ಹೇಳಿದೆ. ಅವನು ಕೈ ಮುಗಿದ. ಆಮೇಲೆ ಕೇಳಿದ.

“ಖರೆ ಹೇಳಿ ಡಾಕ್ಟ್ರೇ. ನಾ ಒತ್ತಿದ್ದಕ್ಕೇ ಹಿಂಗಾತಾ?”

ಇಲ್ಲ ಎನ್ನಬಹುದಿತ್ತು. ಹೊರರೋಗಿಗಳು ಆಗಲೇ ಸೇರಿದ್ದರು, ಎಲ್ಲರ ಕಿವಿ ನಮ್ಮ ಕಡೆಗಿತ್ತು.

“ಹೌದು” ಎಂದೆ. “ನೀವು ಒತ್ತಿದ್ದಕ್ಕೆ ಉರುಳು ಒಳಗೆ ಹೋತು. ನಾನು ಅವತ್ತು ನಿಮಗೆ ಬೈದಿದ್ದಕ್ಕೆ ಐದು ತಾಸು ತಡ ಆತು. ಸಪ್ಪಳ ಆಗ್ಲಿಲ್ಲ ಹೇಳಿ ನೀವು ಹೇಳದೇ ಇದ್ದಿದ್ರೆ ಅವ ಇವತ್ತು ಇರ್ತಿರಲಿಲ್ಲ. ಮೂರೂ ಖರೆ.”

ಅವನು ತನ್ನ ಅಂಗೈ ನೋಡಿಕೊಂಡ. “ಹಂಗಾರೆ ಮುಂದೆ?”

“ಮೆತ್ತಗಿದ್ದು, ಮಲಗಿದ ಕೂಡ್ಲೆ ತಾನೇ ಹೋದ್ರೆ ಹೋಗ್ಲಿ. ಗಟ್ಟಿ ಆದ್ರೆ, ನೋವಿದ್ರೆ, ಮುಟ್ಟಬೇಡಿ. ದೋಣಿಗೆ ಹಾಕಿ, ಬನ್ನಿ.”

“ಬತ್ತೆ” ಎಂದ. ಮೆಟ್ಟಿಲಿಳಿದವನು ತಿರುಗಿ, “ಬೈದ್ರೂ ಬತ್ತೆ” ಎಂದ.

ಇನ್ನು ಬೈಯುವುದಿಲ್ಲವೆಂದು ಮಾತು ಕೊಡಲು ಬಾಯಿ ತೆರೆದೆ. ನನ್ನ ಸ್ವಭಾವ ನನಗೆ ಗೊತ್ತಿತ್ತು. ಆ ಮಾತು ಬರಲಿಲ್ಲ.

“ಬನ್ನಿ” ಎಂದೆ. “ಬೈದು ಮುಗಿದ ಮೇಲಾದ್ರೂ ಎಲ್ಲ ಹೇಳಿ.”